ಎರಡೂ ಅರ್ಜಿ ಹೊತ್ತ ಮೌಲಾಸಾಬರು

ಮೌಲಾಸಾಬರು ನೀರನ್ನು ಕಿವಿಯಿಂದ ಕಾಣುತ್ತಿದ್ದರು. ರಸ್ತೆಯಂಚಿನ ವಾಲ್ವಿನ ಗುಂಡಿಯ ಬಳಿ ಮೊಣಕಾಲೂರಿ, ನಾಲ್ಕಡಿ ಉದ್ದದ ಕಬ್ಬಿಣದ ಚಾವಿಯ ಒಂದು ತುದಿಯನ್ನು ಕೊಳವೆಯ ಮೇಲೆ ನಿಲ್ಲಿಸಿ, ಇನ್ನೊಂದು ತುದಿಗೆ ಬಲಗಿವಿಯನ್ನು ಆನಿಸಿ, ಕಣ್ಣು ಮುಚ್ಚಿ ಕೂತರೆಂದರೆ, ದನ ಹೊಡೆದುಕೊಂಡು ಹೋಗುವವರೂ ಒಂದು ಕ್ಷಣ ದನಿ ತಗ್ಗಿಸುತ್ತಿದ್ದರು. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ಸೋರುತ್ತಿದೆ, ಯಾರ ಮನೆಯವರು ಕೊಳವೆಗೆ ಮೋಟಾರು ಹಚ್ಚಿ ಕದ್ದು ಎಳೆಯುತ್ತಿದ್ದಾರೆ ಎಂಬುದೆಲ್ಲ ಆ ಕಬ್ಬಿಣದ ಮೂಲಕ ಅವರಿಗೆ ತಿಳಿಯುತ್ತಿತ್ತು. ಆಮೇಲೆ ಎದ್ದು, ಮಂಡಿಯ ಮಣ್ಣು ಕೊಡವಿ, ಕೊಡ ಹಿಡಿದು ನಿಂತ ಹೆಂಗಸರಿಗೆ "ಇನ್ನ ಹತ್ತ ನಿಮಿಷ ಐತ್ರಿ, ಸಾಲಿ ಮುಂದ ಬಂದೈತಿ" ಎಂದು ಹೇಳಿದರೆ, ಹನ್ನೊಂದನೆಯ ನಿಮಿಷಕ್ಕೆ ನಲ್ಲಿ ಕೆಮ್ಮುತ್ತಿತ್ತು.

ಕಕ್ಕಿಹಾಳದ ಗ್ರಾಮ ಪಂಚಾಯತಿಯಲ್ಲಿ ಅವರು ಮೂವತ್ತೊಂದು ವರ್ಷ ನೀರು ಬಿಡುವ ಕೆಲಸ ಮಾಡಿದರು. ಆ ಚಾವಿಯನ್ನು ಸದಾ ಎಡ ಹೆಗಲ ಮೇಲೆ ಹೊತ್ತು ಹೊತ್ತು ಆ ಹೆಗಲು ಒಂದಿಷ್ಟು ಇಳಿದುಬಿಟ್ಟಿತ್ತು. ಚಾವಿ ಇಲ್ಲದೆ ಮಸೀದಿಗೆ ಹೊರಟಾಗಲೂ, ಮದುವೆಯ ಊಟಕ್ಕೆ ಹೊರಟಾಗಲೂ ಅವರ ನಡಿಗೆಯಲ್ಲಿ ಕಾಣದ ಭಾರವೊಂದು ಎಡಕ್ಕೆ ಜಗ್ಗುತ್ತಿತ್ತು. ಪಂಚಾಯತಿಯವರು ಯಾವ ಕಾಲದಲ್ಲೋ ಹೊಲಿಸಿಕೊಟ್ಟ ಖಾಕಿ ಅಂಗಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ, ಅಂಚು ಎಂದೂ ಒಣಗದ ಲುಂಗಿ. ಯಾರು ಏನು ಹೇಳಿದರೂ ಮೊದಲು ಪೂರ್ತಿ ಕೇಳಿ, ಆಮೇಲೆ ಗಡ್ಡ ಸವರಿಕೊಂಡು "ಅದೂ ಖರೇನ ಐತ್ರಿ" ಎನ್ನುತ್ತಿದ್ದರು. ಜಗಳವಾಡಲು ಬಂದವರಿಗೆ ಈ ಮಾತು ಎಷ್ಟು ನಿರಾಶೆ ಹುಟ್ಟಿಸುತ್ತಿತ್ತೆಂದರೆ ಕೆಲವರು ಅಷ್ಟಕ್ಕೇ ತಿರುಗಿ ಹೋಗುತ್ತಿದ್ದರು.

ಅವರದೊಂದು ಹಟವಿತ್ತು. ಊರಿಗೆಲ್ಲ ನೀರು ಬಿಡುವ ಈ ಮನುಷ್ಯ ಊರಿನ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿಗೆ ಡಾಂಬರು ಮೆತ್ತಗಾದ ಹೊತ್ತಿನಲ್ಲಿ, ನಾನು ತಂಬಿಗೆ ಮುಂದೆ ಹಿಡಿದು ಒತ್ತಾಯ ಮಾಡಿದಾಗ ಅವರು ನಕ್ಕರು. "ಬ್ಯಾಡ್ರಿ ಸರ. ಇವತ್ತ ನಿಮ್ಮ ಮನ್ಯಾಗ ಕುಡದ್ರ, ನಾಳೆ ನಿಮ್ಮ ಓಣಿಗಿ ಐದ ನಿಮಿಷ ಹೆಚ್ಚಿಗಿ ನೀರ ಬಂದ್ರ, ಮಂದಿ ಆ ತಂಬಿಗಿ ನೆನಸ್ತಾರ." ಹೆಗಲ ಚೀಲದಿಂದ ತಮ್ಮದೇ ಬಾಟಲಿ ತೆಗೆದು ಎರಡು ಗುಟುಕು ಕುಡಿದು ಮುಂದೆ ನಡೆದರು.

ನಾನು ಆ ಊರಿನವನಲ್ಲ. ನರೇಗಲ್ಲಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತನಾದ ಮೇಲೆ, ಗಜೇಂದ್ರಗಡದ ರಸ್ತೆಗೆ ಹತ್ತಿದ ಕಕ್ಕಿಹಾಳದ ಹೊಲವೊಂದು ಲೇಔಟಾಗಿ ಹರಿದು ಹಂಚಿಹೋದಾಗ, ಅದರಲ್ಲಿ ಒಂದು ಸೈಟು ಕೊಂಡು ಮನೆ ಕಟ್ಟಿಸಿದವನು. ನನ್ನಂಥ ನಲವತ್ತು ಮನೆಗಳು ಅಲ್ಲಿ ಎದ್ದವು. ಕಡಲೆ, ಕುಸುಬೆ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಕಾಂಪೌಂಡು, ಗೇಟು, ನೆಲದಡಿಯ ನೀರಿನ ತೊಟ್ಟಿ, ಮೇಲೆ ಎಳೆಯುವ ಮೋಟಾರು. ಊರು ನಮ್ಮ ಬೆನ್ನಿಗಿತ್ತು. ನಮ್ಮ ಮುಖ ಎರಡು ಮೈಲಿಯಾಚೆಯ ಪಟ್ಟಣದ ಕಡೆಗಿತ್ತು. ಆ ಪಟ್ಟಣದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ.

ಎರಡು ವರ್ಷದ ಹಿಂದೆ, ಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ, ಪಂಚಾಯತಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಕಕ್ಕಿಹಾಳವನ್ನು ಪಟ್ಟಣದ ಪುರಸಭೆಗೆ ಸೇರಿಸಲು ಉದ್ದೇಶಿಸಲಾಗಿದೆ, ಆಕ್ಷೇಪಣೆ ಸಲಹೆಗಳಿದ್ದರೆ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು. ಮೂರನೆಯ ದಿನ ಪಂಚಾಯತಿಯ ಕಟ್ಟೆಯ ಮುಂದೆ ಊರು ಸೇರಿತು. ಅಂಥ ಗದ್ದಲವನ್ನು ನಾನು ಕಾಲೇಜಿನ ಚುನಾವಣೆಗಳಲ್ಲೂ ಕೇಳಿರಲಿಲ್ಲ.

ಮೊದಲು ಎದ್ದವನು ಅಮರೇಶ. ನಮ್ಮ ಲೇಔಟಿನ ಹೊಲದ ಮೂಲ ಮಾಲೀಕ. ಇನ್ನೂ ಹನ್ನೆರಡು ಎಕರೆ ರಸ್ತೆಗೆ ಹತ್ತಿ ಉಳಿದಿತ್ತು. "ಎಷ್ಟ ದಿನಾ ಹಳ್ಯಾಗ ಇರೂದ್ರಿ? ಗಟಾರ ಆಗ್ತಾವ, ಲೈಟ ಬರ್ತಾವ, ಹೊಳಿ ನೀರ ಬರ್ತೈತಿ. ಬ್ಯಾಡ ಅನ್ನಾವ್ರಿಗಿ ತಲಿ ಕೆಟ್ಟಿರಬೇಕು." ಇವನ ಮಾತು ಮುಗಿಯುವ ಮುಂಚೆಯೇ ಮೇಲಿನ ಓಣಿಯ ಸಿದ್ದವ್ವ ಎದ್ದು ನಿಂತಳು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಊರಿನ ಅರವತ್ತು ಹೆಂಗಸರನ್ನು ಕರೆದುಕೊಂಡು ಹೋಗುವವಳು ಅವಳೇ. "ಪುರಸಭೆ ಆದ್ರ ನಮ್ಮ ಖಾತ್ರಿ ಕೂಲಿ ಬಂದ್ ಆಗ್ತೈತಿ. ಕೆರಿ ಹೂಳ ತಗ್ಯಾವ್ರು ನಾವು, ಲೈಟಿನ ಕಂಬಾ ನೆಕ್ಕೂಣೇನು? ಎಮ್ಮಿ ಎಲ್ಲಿ ಕಟ್ಟೂದು, ತಿಪ್ಪಿ ಎಲ್ಲಿ ಹಾಕೂದು, ಅದನ್ನ ಮದ್ಲ ಹೇಳು." ಗಂಡಸರು ನಕ್ಕರು. ಅವಳು ನಗಲಿಲ್ಲ.

ಆಗ, ಯಾರೂ ನಿರೀಕ್ಷಿಸದ ಕಡೆಯಿಂದ, ಹೆಂಗಸರ ಸಾಲಿನ ಹಿಂದಿನಿಂದ ಇನ್ನೊಂದು ದನಿ ಬಂತು. ಅದು ಮೌಲಾಸಾಬರ ಸೊಸೆ ನಾಜಮೀನ. ಪಟ್ಟಣದ ಹೊಲಿಗೆ ಅಂಗಡಿಯಲ್ಲಿ ದುಡಿದು ದಿನಾ ಸಂಜೆ ನಡೆದೇ ಮನೆಗೆ ಬರುವವಳು. "ಆ ಎರಡ ಮೈಲಿ ಕತ್ತಲಾಗ ನಾ ಒಬ್ಬಾಕಿ ಬರ್ತೀನ್ರಿ. ಗಾಡಿ ಮ್ಯಾಲ ಹೋಗೋ ಹುಡುಗ್ರು ಏನೇನ ಅಂತಾರ ಇಲ್ಲಿ ಹೇಳಾಕ ಬರೂದಿಲ್ಲ. ನನಗ ಲೈಟ ಬೇಕು." ಅಷ್ಟು ಹೇಳಿ ಸೆರಗು ಎಳೆದುಕೊಂಡು ಕೂತಳು. ಗೋಡೆಗೆ ಆತು ನಿಂತಿದ್ದ ಮೌಲಾಸಾಬರು ನೆಲ ನೋಡುತ್ತಿದ್ದರು.

ಕೊನೆಗೆ ಆದ ತೀರ್ಮಾನ ಇಷ್ಟು: ಬೇಕು ಎನ್ನುವವರದೊಂದು ಅರ್ಜಿ, ಬೇಡ ಎನ್ನುವವರದೊಂದು ಅರ್ಜಿ, ಎರಡಕ್ಕೂ ಮನೆಮನೆಗೆ ಹೋಗಿ ಸಹಿ ಮಾಡಿಸುವುದು. ಯಾರು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಮತ್ತೆ ಗದ್ದಲವೆದ್ದಿತು. ಅಮರೇಶನ ಮಂದಿಯನ್ನು ಇವರು ಒಪ್ಪರು, ಸಿದ್ದವ್ವನ ಮಂದಿಯನ್ನು ಅವರು ಒಪ್ಪರು. ಯಾರೋ ಮೌಲಾಸಾಬರ ಹೆಸರು ಹೇಳಿದರು. ಎಲ್ಲರೂ ಒಪ್ಪಿದರು. ಆ ಸಂಜೆ ಊರು ಒಮ್ಮತದಿಂದ ಮಾಡಿದ್ದು ಅದೊಂದೇ.

ಮುಂದಿನ ಇಪ್ಪತ್ತು ದಿನ ಅವರು ನೀರು ಬಿಡುವ ಕೆಲಸದ ನಡುವೆಯೇ ಬಾಗಿಲು ಬಾಗಿಲಿಗೆ ಹೋದರು. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಎರಡು ಕಟ್ಟು ಕಾಗದ. ಓದಲು ಬಾರದವರಿಗೆ ಎರಡನ್ನೂ ಓದಿ ಹೇಳುವುದು, ಹೆಬ್ಬೆಟ್ಟಿಗೆ ಮಸಿ ಹಚ್ಚುವುದು, ಆಮೇಲೆ ಒದ್ದೆ ಬಟ್ಟೆಯಿಂದ ಬೆರಳು ಒರೆಸುವುದು. ಒಂದೇ ಮನೆಯಲ್ಲಿ ಗಂಡ ಒಂದಕ್ಕೆ, ಹೆಂಡತಿ ಇನ್ನೊಂದಕ್ಕೆ ಸಹಿ ಮಾಡಿ, ಮೌಲಾಸಾಬರ ಎದುರಿಗೇ ಹೊಡೆದಾಟಕ್ಕೆ ನಿಂತದ್ದುಂಟು. ಅರ್ಜುನಪ್ಪನೆಂಬ ಮುದುಕ ಬೆಳಿಗ್ಗೆ ಬೇಡವೆಂದು ಹೆಬ್ಬೆಟ್ಟು ಒತ್ತಿ, ಮಧ್ಯಾಹ್ನ ಮಗನ ಮಾತು ಕೇಳಿ ಬೇಕೆಂದು ಬಂದು, ಸಂಜೆ ಎರಡನ್ನೂ ಹರಿದುಹಾಕು ಎಂದನಂತೆ. ಎಲ್ಲರಿಗೂ ಇವರದು ಅದೇ "ಖರೇನ ಐತ್ರಿ" ಎಂಬ ಉತ್ತರ. ನಮ್ಮ ಮನೆಗೆ ಬಂದಾಗ ನಾನು ಬೇಕೆನ್ನುವ ಕಾಗದಕ್ಕೆ ಸಹಿ ಮಾಡಿದೆ. ರಸ್ತೆ, ದೀಪ, ಗಟಾರ, ಸೈಟಿಗೆ ಒಂದು ಬೆಲೆ. ಇಷ್ಟು ವರ್ಷ ಓದಿಸಿದವನಿಗೆ ಅದರಾಚೆಯದು ಹೊಳೆಯಲಿಲ್ಲ. ಅವರು ಗಡ್ಡ ಸವರಿಕೊಂಡು ಎಂದಿನ ಮಾತು ಹೇಳಿ ಕಾಗದ ಮಡಚಿದರು.

"ನಿಮ್ಮ ಸಹಿ ಯಾವದಕ್ಕ, ಮೌಲಾಸಾಬರ?" ಎಂದು ಕೇಳಿದೆ.

"ಇನ್ನೂ ಮಾಡಿಲ್ರಿ." ಊರಿನಾಚೆ ಕಲ್ಲುದಿಬ್ಬದ ಮೇಲೆ ಕಾಣುವ ಮನೆಗಳತ್ತ ಕೈ ತೋರಿಸಿದರು. ಅದೇ ಮೇಲಿನ ಓಣಿ. ಐವತ್ತು ಮನೆ, ಎಲ್ಲ ಕೂಲಿಯವರು. "ಹೊಳಿ ನೀರ ಪಟ್ಟಣದಿಂದ ಬರೂದ್ರಿ. ಹಳ್ಳಕ್ಕ ಇಳದು, ನಿಮ್ಮ ಲೇಔಟ ದಾಟಿ, ಊರ ದಾಟಿ, ಕಡೀಕ ಅಲ್ಲಿ ಏರಬೇಕು. ನಡಕ ನೀವೆಲ್ಲಾ ಮೋಟಾರ ಹಚ್ಚಿ ಎಳದ್ರ ಅವರ ನಳಕ್ಕ ಗಾಳಿ ಬರ್ತೈತಿ, ನೀರ ಬರೂದಿಲ್ಲ. ಈಗ ಅವರ ದಿಬ್ಬದ ಮ್ಯಾಲ ಒಂದ ಬೋರ ಐತಿ, ಪಂಚಾಯತಿದು. ಅದರ ಮ್ಯಾಲ ನಡದೈತಿ."

ನನ್ನ ಮೋಟಾರಿನ ಮಾತು ಬಂದದ್ದರಿಂದ ನಾನು ವಿಷಯ ಬದಲಿಸಿದೆ.

ಸಹಿ ಮುಗಿಯುವ ಹೊತ್ತಿಗೆ ಅಮರೇಶ ಅವರನ್ನು ತನ್ನ ಮನೆಯ ಜಗಲಿಗೆ ಕರೆಸಿದ್ದನಂತೆ. ಇದನ್ನು ನನಗೆ ಹೇಳಿದವನು ಅಮರೇಶನೇ, ಮುಂದೊಂದು ದಿನ, ಅರ್ಧ ಸಿಟ್ಟಿನಲ್ಲಿ ಅರ್ಧ ಮೆಚ್ಚುಗೆಯಲ್ಲಿ. ಬೇಡವೆನ್ನುವ ಕಟ್ಟು ಬಸ್ಸಿನಲ್ಲಿ ಮರೆತುಹೋಯಿತು ಎಂದರೆ ಯಾರು ಕೇಳುತ್ತಾರೆ, ಪುರಸಭೆಯಲ್ಲಿ ನಿನ್ನ ಕೆಲಸ ಕಾಯಂ ಮಾಡಿಸುವುದು ನನಗೆ ಬಿಟ್ಟದ್ದು ಎಂದು ಇವನು ಹೇಳಿದನಂತೆ. ಮೌಲಾಸಾಬರು ಎಂದಿನಂತೆ ಪೂರ್ತಿ ಕೇಳಿದರು. ಆದರೆ ಆ ದಿನ ಗಡ್ಡ ಸವರಲಿಲ್ಲ. "ಅಮರೇಶಪ್ಪಾ, ನಿನ್ನ ಹೆಬ್ಬಟ್ಟಿಗೂ ನಾನ ಮಸಿ ಹಚ್ಚೀನಿ, ಸಿದ್ದವ್ವನ ಹೆಬ್ಬಟ್ಟಿಗೂ ನಾನ ಹಚ್ಚೀನಿ. ಒಂದ ಕಟ್ಟ ಒಯ್ದು ಒಂದ ಬಿಟ್ರ ನನ್ನ ಕೈ ನನಗ ಹೊಲಸ ಆಗ್ತೈತಿ." ಹೀಗೆಂದು ಎದ್ದು ಬಂದರು.

ಅರ್ಜಿ ಕೊಡಲು ಅವರು ಗದಗಿಗೆ ಹೊರಟ ದಿನ ನನಗೂ ಪಿಂಚಣಿಯ ಕೆಲಸವಿತ್ತು. ಒಂದೇ ಬಸ್ಸು ಹತ್ತಿದೆವು. ಕಿಟಕಿಯ ಬಳಿ ಕೂತು ಎರಡೂ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನರೇಗಲ್ ದಾಟಿದ ಮೇಲೆ ಒಂದು ಕಟ್ಟು ಬಿಚ್ಚಿ, ಕೊನೆಯ ಹಾಳೆ ತೆಗೆದು, ಬಸ್ಸಿನ ಕುಲುಕಾಟದಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಅದು ಬೇಡವೆನ್ನುವ ಕಟ್ಟು.

"ಪಂಚಾಯತಿ ನೌಕರರಾಗಿ ನೀವು ಸಹಿ ಮಾಡೂದು ಚಲೋ ಅಲ್ಲ, ಮುಂದ ತೊಂದ್ರಿ ಆದೀತು," ಎಂದೆ.

"ಆದೀತ್ರಿ."

"ನಾಜಮೀನ ಬೇಕು ಅಂತ ಸಹಿ ಮಾಡ್ಯಾಳಲ್ಲ?"

"ಮಾಡ್ಯಾಳ. ಆಕಿದೂ ಖರೇನ ಐತಿ. ಆಕಿ ಸಂಜಿಕ ಬರೂತನಾ ನನಗೂ ಊಟ ರುಚಿ ಹತ್ತೂದಿಲ್ರಿ." ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡರು. "ಆದ್ರ ಮ್ಯಾಲಿನ ಓಣ್ಯಾಗ ನೀರ ಬರೂದಿಲ್ಲ ಅನ್ನೂದು ನನಗೊಬ್ಬಗ ಗೊತ್ತೈತಿ. ಗೊತ್ತಿದ್ದಾವ ಬರೀಲಿಲ್ಲಂದ್ರ ಹ್ಯಾಂಗ್ರಿ?"

ಒಂದು ತಿಂಗಳ ನಂತರ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ಊರಿನಿಂದ ಎರಡು ಟ್ರ್ಯಾಕ್ಟರು ತುಂಬಿ ಮಂದಿ ಹೋದರು. ಗೋಡೆಯ ಮೇಲೆ ದೊಡ್ಡ ನಕಾಶೆ, ಅದರಲ್ಲಿ ಕಕ್ಕಿಹಾಳ ಹಸಿರು ಬಣ್ಣದ ಅಂಗೈಯಗಲದ ಚುಕ್ಕೆ. ತಮ್ಮ ಸರದಿ ಬಂದಾಗ ಮೌಲಾಸಾಬರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದು, ನನಗೆ ಹೇಳಿದ್ದನ್ನೇ ಮೂರು ವಾಕ್ಯದಲ್ಲಿ ಹೇಳಿದರು. ಯೋಜನೆ ಮಾಡಿದ ಹರೆಯದ ಇಂಜಿನಿಯರು ಸೌಜನ್ಯದಿಂದಲೇ ನಕ್ಕು, "ಎತ್ತರದ ಲೆಕ್ಕ ಎಲ್ಲಾ ಹಾಕೇವಿ ಅಜ್ಜಾ, ನಕಾಶೆದಾಗ ಐತಿ, ಚಿಂತಿ ಮಾಡಬ್ಯಾಡ್ರಿ," ಎಂದ. ಇವರು ಆ ನಕಾಶೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ದಿಬ್ಬ ಅದರಲ್ಲಿ ಕಾಣಲಿಲ್ಲವೆಂದು ಮರಳುವಾಗ ಹೇಳಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಆರು ತಿಂಗಳಲ್ಲಿ ಆದೇಶ ಬಂತು. ಪಂಚಾಯತಿಯ ಫಲಕ ಇಳಿದು ವಾರ್ಡಿನ ಫಲಕ ಏರಿತು. ರಸ್ತೆಯುದ್ದಕ್ಕೂ ದೀಪಗಳು ಬಂದವು. ನಾಜಮೀನ ಮೊದಲ ಸಂಜೆ ಆ ಬೆಳಕಿನಲ್ಲಿ ನಡೆದು ಬಂದು, ಅಂಗಳದಲ್ಲಿ ನಿಂತು ಮಾವನಿಗೆ "ಅಬ್ಬಾ, ಇವತ್ತ ನನ್ನ ನೆರಳು ನಾನ ನೋಡಕೋತ ಬಂದೆ" ಎಂದಳಂತೆ. ಅದಾದ ವಾರಕ್ಕೆ ಅವಳಿಗೆ ಮಾವನ ಸಹಿಯ ವಿಷಯ ಯಾರಿಂದಲೋ ತಿಳಿಯಿತು. ಮಾವನಿಗೆ ಸೊಸೆಯ ಸುರಕ್ಷತೆಗಿಂತ ತಮ್ಮ ಪಂಚಾಯತಿ ಕೆಲಸ ದೊಡ್ಡದಾಯಿತು ಎಂದುಕೊಂಡು ಎರಡು ತಿಂಗಳು ಅವಳು ಅವರೊಡನೆ ಬೇಕಾದಷ್ಟೇ ಮಾತನಾಡಿದಳು. ಅವರು ವಿವರಣೆ ಕೊಡಲಿಲ್ಲ.

ಸಿದ್ದವ್ವನ ಅರವತ್ತು ಹೆಂಗಸರಿಗೆ ಖಾತ್ರಿ ಕೂಲಿ ನಿಂತಿತು. ಕೆಲವರು ದೂರದ ಹೊಲಗಳಿಗೆ ಟಂಟಂ ಗಾಡಿ ಹತ್ತಿ ಹೋಗತೊಡಗಿದರು. ಕೆಲವರು ಎಮ್ಮೆ ಮಾರಿದರು. ನೀರು ಬಿಡುವ ಕೆಲಸ ಗುತ್ತಿಗೆದಾರನ ಕೈಗೆ ಹೋಗಿ, ಮೌಲಾಸಾಬರು ಅವನ ಕೂಲಿಯಾಳಾದರು. ಹೊಳೆಯ ನೀರು ಎಂಟು ದಿನಕ್ಕೊಮ್ಮೆ ಬಂತು. ಲೇಔಟಿನಲ್ಲಿ ನಮ್ಮ ತೊಟ್ಟಿಗಳು ತುಂಬಿದವು. ಊರಿನಲ್ಲಿ ಕೊಡಗಳು ತುಂಬಿದವು. ದಿಬ್ಬದ ಮೇಲೆ ಹೊಸದಾಗಿ ಹಾಕಿದ ನೀಲಿ ನಲ್ಲಿಗಳು ಗಾಳಿ ಊದಿದವು.

ಹಾಗಿದ್ದೂ ಹಳೆಯ ಬೋರು ಇದ್ದದ್ದರಿಂದ ಮೇಲಿನ ಓಣಿ ಹೇಗೋ ನಡೆಯುತ್ತಿತ್ತು. ಹೊಸ ನೀರು ಬಂದ ಮೇಲೆ ಹಳೆಯ ಬೋರುಗಳ ಕರೆಂಟಿನ ಖರ್ಚು ಬೇಡವೆಂದು, ಕಳೆದ ಫೆಬ್ರವರಿಯ ಒಂದು ಮುಂಜಾನೆ, ಗುತ್ತಿಗೆದಾರನ ಜೀಪು ಮೋಟಾರು ಎತ್ತಿಕೊಂಡು ಹೋಗಲು ದಿಬ್ಬಕ್ಕೆ ಬಂತು. ಮೋಟಾರು ಬಿಚ್ಚಲು ಮೌಲಾಸಾಬರಿಗೇ ಹೇಳಿದ್ದರು. ಅದರ ಒಳಹೊರಗು ಬಲ್ಲವರು ಅವರೇ. ವಾಯುವಿಹಾರಕ್ಕೆ ಆ ಕಡೆ ಹೋಗಿದ್ದ ನಾನು ಗದ್ದಲ ಕೇಳಿ ದಿಬ್ಬ ಏರಿದೆ. ಅವರು ಬೋರಿನ ಸಿಮೆಂಟು ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದರು.

"ಏಳ್ರಿ, ಹೊತ್ತಾತು," ಎಂದ ಗುತ್ತಿಗೆದಾರ.

"ನನ್ನ ಕೈಲೆ ಇದನ್ನ ಬಿಚ್ಚಾಕ ಆಗೂದಿಲ್ರಿ ಸಾಹೇಬ್ರ."

"ಹಂಗಾರ ಬ್ಯಾರೆದಾವ್ರು ಬಿಚ್ತಾರ. ನೀವು ಸರೀರಿ."

"ಸರಿಯೂದೂ ಆಗೂದಿಲ್ರಿ."

ಅಷ್ಟರಲ್ಲಿ ಕೊಡ ಹಿಡಿದಿದ್ದ ಹೆಂಗಸರು ಸುತ್ತ ಸೇರಿದ್ದರು. ಸಿದ್ದವ್ವ ಏದುಸಿರು ಬಿಡುತ್ತ ಬಂದವಳು, ವರ್ಷದಿಂದ ಒಳಗೆ ಕುದಿಯುತ್ತಿದ್ದುದನ್ನು ಆ ಹೊತ್ತಿನಲ್ಲಿ, ಅವರ ಮೇಲೆಯೇ ಹಾಕಿದಳು. "ಅವತ್ತ ಅವರ ಕಾಗದಾನೂ ಹೊತ್ತಗೊಂಡು ಹೋದಿ. ಈಗ ಇಲ್ಲಿ ಕುಂತ ಏನ ಮಾಡ್ತಿ ಮೌಲಾಣ್ಣಾ?" ಅವರು ತಲೆ ತಗ್ಗಿಸಿ, "ಖರೇ ಐತಿ ತಂಗಿ. ಹೊತ್ತಗೊಂಡು ಹೋಗೀನಿ," ಎಂದರು. ಕಟ್ಟೆಯಿಂದ ಮಾತ್ರ ಏಳಲಿಲ್ಲ. ಸಿದ್ದವ್ವ ಒಂದು ಗಳಿಗೆ ಅವರನ್ನು ನೋಡಿ, ಕೊಡವನ್ನು ನೆಲಕ್ಕೆ ಕುಕ್ಕಿ, ಅವರ ಪಕ್ಕದಲ್ಲಿ ಕೂತಳು.

ಗುತ್ತಿಗೆದಾರ ಫೋನಿನಲ್ಲಿ ಯಾರೊಂದಿಗೋ ಮಾತನಾಡಿದ. ಊರಿನವರೇ ಪುರಸಭೆ ಬೇಕೆಂದು ಸಹಿ ಮಾಡಿಕೊಟ್ಟಿದ್ದಾರೆ, ಈಗ ನಾಟಕ ಮಾಡುತ್ತಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಗ ಕೆಲಸಕ್ಕೆ ಹೊರಟವಳು ಸುದ್ದಿ ಕೇಳಿ ದಿಬ್ಬ ಏರಿ ಬಂದಿದ್ದ ನಾಜಮೀನ, ಬುತ್ತಿಯ ಚೀಲ ಹಿಡಿದುಕೊಂಡೇ ಮಂದಿಯ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

"ಆ ಸಹಿ ಮಾಡಿದಾಕಿ ನಾನ. ನನಗ ಲೈಟ ಬೇಕಾಗಿತ್ತು, ಅದಕ್ಕ ಮಾಡೀನಿ. ಇವರ ನೀರ ತಗೋರಿ ಅಂತ ನಾ ಎಲ್ಲೂ ಬರದಕೊಟ್ಟಿಲ್ಲ." ಮಾವನ ಕಡೆ ನೋಡಲಿಲ್ಲ. ಆದರೆ ಹೋಗಿ ನಿಂತದ್ದು ಅವರ ಬೆನ್ನ ಹಿಂದೆ.

ನಾನೂ ಸಹಿ ಮಾಡಿದವನೇ. ಅವಳು ಮಾತನಾಡಿದ ಮೇಲೆ ನನಗೆ ಹಿಂದೆ ನಿಲ್ಲುವುದು ಸಾಧ್ಯವಾಗಲಿಲ್ಲ. ಮುಂದೆ ಬಂದು, ಕಾಲೇಜಿನ ದನಿಯಲ್ಲಿ, ನಾನೇ ಒಂದು ಪತ್ರ ಬರೆದುಕೊಡುತ್ತೇನೆ, ಅದಕ್ಕೆ ಉತ್ತರ ಬರುವವರೆಗೆ ಮೋಟಾರು ಇರಲಿ ಎಂದೆ. ಎರಡು ತಾಸು ಎಳೆದಾಡಿದ ಮೇಲೆ ಜೀಪು ಖಾಲಿ ಮರಳಿತು. ತಾತ್ಕಾಲಿಕವಾಗಿ ಬಿಟ್ಟಿದ್ದೇವೆ ಎಂದು ಹೇಳಿ ಹೋದರು. ಮರುದಿನದಿಂದ ಮೌಲಾಸಾಬರು ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಗುತ್ತಿಗೆದಾರನಿಂದ ಸುದ್ದಿ ಬಂತು. ಅದರಲ್ಲಿ ತಾತ್ಕಾಲಿಕವೆಂಬ ಮಾತಿರಲಿಲ್ಲ.

ಈಗ ಅವರು ದಿನಾ ಬೆಳಿಗ್ಗೆ ದಿಬ್ಬ ಏರಿ ಆ ಬೋರನ್ನು ಚಾಲೂ ಮಾಡುತ್ತಾರೆ. ಯಾವ ಆದೇಶವೂ ಇಲ್ಲ, ಸಂಬಳವೂ ಇಲ್ಲ. ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಬರದಿದ್ದರೇ ಒಳ್ಳೆಯದೆಂದು ಈಗ ನಾವೆಲ್ಲ ಬಯಸುತ್ತೇವೆ. ದಿಬ್ಬ ಏರುವಾಗ ಮೌಲಾಸಾಬರು ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಳ್ಳುತ್ತಾರೆ. ನಾಜಮೀನ ಮತ್ತೆ ಅವರೊಡನೆ ಮಾತನಾಡುತ್ತಾಳೆ, ಬೈಯುತ್ತಾಳೆ ಕೂಡ. ನಾನು ನನ್ನ ಮನೆಯ ಮೋಟಾರು ತೆಗೆಸಿದ್ದೇನೆಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ತೆಗೆಸಿಲ್ಲ. ಹೊಳೆ ನೀರು ಬರುವ ದಿನ ಒಂದು ತಾಸು ತಡವಾಗಿ ಹಚ್ಚುತ್ತೇನೆ, ಅಷ್ಟೆ. ಹೋದ ವಾರ ಅವರೊಡನೆ ಕೂತಾಗ, ಅರ್ಜಿ ಕೊಟ್ಟು ಎರಡು ವರ್ಷವಾಯಿತಲ್ಲ, ಊರು ಪುರಸಭೆಗೆ ಸೇರಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಕೇಳಿದೆ. ಅವರು, "ಮಂದಿ ನನ್ನ ಅದನ್ನ ಕೇಳ್ತಾರ್ರಿ ಸರ. ನನ್ನ ಕೇಳಬೇಕಾದ್ದು ಬ್ಯಾರೆ ಇತ್ತು, ಅವತ್ತ ಯಾರೂ ಕೇಳಲಿಲ್ಲ," ಎಂದರು. ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೇಲಿನ ಓಣಿಗೆ ನೀರು ಏರುವುದಿಲ್ಲವೆಂದು, ನಾನು ಕೇಳದೆಯೇ, ಸಹಿಗೆ ಬಂದ ದಿನವೇ ಅವರು ನನಗೆ ಹೇಳಿದ್ದರು.

ಊರು ಬೆಳೆಯಬೇಕು ಎನ್ನುವವರಿಗೂ ಬೆಳೆಯಬಾರದು ಎನ್ನುವವರಿಗೂ ಒಂದೊಂದು ಅರ್ಜಿ ಸಿಗುತ್ತದೆ, ಸಹಿ ಹಾಕಲು ಒಂದು ಜಾಗ ಸಿಗುತ್ತದೆ. ಎರಡೂ ಕಡೆಯ ನೋವು ಗೊತ್ತಿದ್ದು, ಎರಡನ್ನೂ ನಿಜವೆಂದು ಒಪ್ಪಿ, ಕೊನೆಯ ಮನೆಗೆ ಏನಾದೀತು ಎಂದು ಮಾತ್ರ ಯೋಚಿಸುವ ಕೆಲವರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರನ್ನು ಎಲ್ಲರೂ ನಂಬುತ್ತಾರೆ, ಆದ್ದರಿಂದಲೇ ಯಾರೂ ಅವರನ್ನು ತಮ್ಮವರೆನ್ನುವುದಿಲ್ಲ. ಗೆದ್ದವರ ಹಬ್ಬಕ್ಕೆ ಅವರಿಗೆ ಕರೆಯಿಲ್ಲ, ಸೋತವರ ಬೈಗುಳ ಮೊದಲು ತಾಗುವುದು ಅವರಿಗೇ. ಆದೇಶಗಳು ಬಂದು, ಫಲಕಗಳು ಬದಲಾಗಿ, ನಾವೆಲ್ಲ ನಮ್ಮ ನಮ್ಮ ಬಾಗಿಲು ಹಾಕಿಕೊಂಡ ಮೇಲೆ, ಉಳಿದುಹೋದ ಕೆಲಸವನ್ನು ಅವರು ಯಾರಿಗೂ ಹೇಳದೆ ಎತ್ತಿಕೊಳ್ಳುತ್ತಾರೆ. ಅಂಥವರಿಗೂ ವಯಸ್ಸಾಗುತ್ತದೆ ಎಂಬುದನ್ನು ಯಾವ ಊರೂ ಇನ್ನೂ ಯೋಚಿಸಿದಂತಿಲ್ಲ.